ಗುರುಪಾದಪ್ಪ ಇಳಿಸಿದ ಹನ್ನೆರಡು ಕಿಲೋ

ಕೋಪರಿಯ ಗುರುಪಾದಪ್ಪನ ಮನೆಯ ಒಲೆ ಆರಿಸಿದ್ದು ಠಾಣೆ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರ. ಕುಡಿದು ಸಂಸಾರ ಕೆಡಿಸಿಕೊಂಡವರಿದ್ದಾರೆ, ಇಸ್ಪೀಟಾಡಿ ಕೆಡಿಸಿಕೊಂಡವರಿದ್ದಾರೆ. ತೂಕದ ಯಂತ್ರದ ಮೇಲೆ ನಿಂತು ಕೆಡಿಸಿಕೊಂಡವನು ಇಡೀ ಠಾಣೆ ಜಿಲ್ಲೆಯಲ್ಲಿ ಇವನೊಬ್ಬನೇ.

ಅದು ಎಂಬತ್ತೆರಡನೇ ಇಸವಿ. ಗುರುಪಾದಪ್ಪ ರಬಾಳೆಯ ಒಂದು ಪಂಪ್ ಕಾರ್ಖಾನೆಯಲ್ಲಿ ಟೈಮ್ ಆಫೀಸಿನ ಕ್ಲಾರ್ಕು. ನಲವತ್ತೈದು ವಯಸ್ಸು, ಅದಕ್ಕೆ ತಕ್ಕ ಹೊಟ್ಟೆ. ಆ ವರ್ಷ ಕಾರ್ಖಾನೆಯಲ್ಲಿ ಎಲ್ಲರಿಗೂ ಮೆಡಿಕಲ್ ಮಾಡಿಸಿದರು. ಡಾಕ್ಟರ ತೂಕದ ಕಾಟಾ ಕೆಟ್ಟು ಮೂಲೆಯಲ್ಲಿ ಬಿದ್ದಿತ್ತು. ಆತ ಕಣ್ಣಳತೆಯಲ್ಲೇ ನೋಡಿ, "ತೂಕ ಸ್ವಲ್ಪ ನೋಡ್ಕೊಳ್ಳಿ, ಎಣ್ಣೆ ಸ್ವಲ್ಪ ಕಡಿಮೆ ಮಾಡಿ" ಎಂದ. ಅವತ್ತು ನೂರಾ ನಲವತ್ತು ಜನರಿಗೆ ಇದೇ ಮಾತು ಹೇಳಿದ್ದ. ನೂರಾ ಮೂವತ್ತೊಂಬತ್ತು ಜನ ಕೇಳಿ, ಮನೆಗೆ ಹೋಗಿ ಉಂಡು ಮಲಗಿದರು.

ಗುರುಪಾದಪ್ಪ ಮಾತ್ರ ಆ ಮಾತನ್ನು ತಲೆಗೆ ಹಚ್ಚಿಕೊಂಡ. ಮರುದಿನ ಶನಿವಾರ. ಬೈಲಹೊಂಗಲದ ಕಡೆಯ ಹಳ್ಳಿಯಿಂದ ಅವನ ಅಕ್ಕ ಬಸವಣ್ಣೆವ್ವ ಊರವರೊಬ್ಬರ ಕೈಲಿ ಬಿಳಿ ಜೋಳ ಕಳಿಸಿದ್ದಳು. ರೇಶನ್ ಅಂಗಡಿಯ ಕೆಂಪು ಜೋಳ ತಿಂದರೆ ತಮ್ಮ ಸಾಯುತ್ತಾನೆ ಎಂದು ಅವಳು ನಂಬಿದ್ದರಿಂದ ಮೂರು ತಿಂಗಳಿಗೊಮ್ಮೆ ಒಂದು ಚೀಲ ಬರುತ್ತಿತ್ತು. ಗುರುಪಾದಪ್ಪ ಕಲ್ಯಾಣಕ್ಕೆ ಹೋಗಿ ಚೀಲ ಇಸಿದುಕೊಂಡು, ಲೋಕಲ್ ಹಿಡಿದು ಠಾಣೆಗೆ ಬಂದಿಳಿದ. ಪ್ಲಾಟ್‌ಫಾರ್ಮಿನ ಮೇಲೆ ಕೆಂಪು ಹಸಿರು ದೀಪ ತಿರುಗಿಸುತ್ತ ಯಂತ್ರ ನಿಂತಿತ್ತು. ಡಾಕ್ಟರ ಮಾತು ನೆನಪಾಯಿತು. ಹೋದ ವರ್ಷ ಇದೇ ಜಾಗದಲ್ಲಿ ಒಂದು ಗಳಿಗೆ ಕೆಳಗಿಟ್ಟ ಜೋಳದ ಚೀಲ ಮಂಗಮಾಯವಾಗಿತ್ತು. ಅದಕ್ಕೇ ಚೀಲವನ್ನು ಹೆಗಲ ಮೇಲೆ ಭದ್ರವಾಗಿ ಹಿಡಿದುಕೊಂಡೇ ಯಂತ್ರ ಹತ್ತಿ ನಾಣ್ಯ ಹಾಕಿದ.

ಟಣಕ್ ಎಂದು ಚೀಟಿ ಬಿತ್ತು. ಎಂಬತ್ತನಾಲ್ಕು ಕಿಲೋ. ಹಿಂದೆ ಭವಿಷ್ಯ: "ನಿಮ್ಮ ಮಾತಿಗೆ ಜನ ತಲೆಬಾಗುವರು."

ಗುರುಪಾದಪ್ಪ ಚೀಟಿಯನ್ನು ಎರಡು ಸಲ ಓದಿದ. ಹೆಗಲೂ ನೋಯುತ್ತಿತ್ತು. ಅದು ಹೃದಯದ ನೋವು ಎಂದುಕೊಂಡ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮಹಾದೇವಕ್ಕ ಎಂದಿನಂತೆ ಎರಡು ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೇಲೊಂದು ಮುದ್ದೆ ಬೆಣ್ಣೆ ನೀಡಿದಳು. ಗುರುಪಾದಪ್ಪ ಒಂದು ರೊಟ್ಟಿ ಉಂಡು ಕೈ ಎತ್ತಿದ.

ಇದು ಸಣ್ಣ ಸಂಗತಿಯಲ್ಲ. ಲಿಂಗವಂತರ ಆ ಮನೆತನದಲ್ಲಿ ತಾಟಿಗೆ ಬಿದ್ದದ್ದು ಪ್ರಸಾದ. ಒಂದು ಅಗುಳು ಬಿಡುವಂತಿಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ಗುರುಪಾದಪ್ಪನ ಅಜ್ಜ ನೂರ ಮೂರು ಡಿಗ್ರಿ ಜ್ವರದಲ್ಲೂ ತಾಟು ತೊಳೆದು ಕುಡಿದವನು.

"ಯಾಕ್ರಿ, ಉಪ್ಪು ಹೆಚ್ಚಾತೇನು?" ಎಂದಳು ಮಹಾದೇವಕ್ಕ.

"ಉಪ್ಪಲ್ಲ. ಇನ್ನ ಮ್ಯಾಲೆ ಅರ್ಧ ಉಣ್ಣೂದು, ಅರ್ಧ ಬಿಡೂದು. ಆರೋಗ್ಯಶಾಸ್ತ್ರ."

"ಅರ್ಧ ಬಿಡೂದಾದ್ರ ಮೊದಲ ಅರ್ಧ ನೀಡಿಸ್ಕೋರಿ."

"ನಿನಗ ತಿಳಿಯೂದಿಲ್ಲ. ಕಣ್ಣಮುಂದ ಇಟ್ಕೊಂಡು ಬಿಟ್ರನ ಮನಸು ಗಟ್ಟಿ ಆಗೂದು."

ಮಹಾದೇವಕ್ಕ ತಾಟು ನೋಡಿದಳು. ಪ್ರಸಾದ ಚೆಲ್ಲುವಂತಿಲ್ಲ. ಹಳಸಲು ಬಿಡುವಂತಿಲ್ಲ. ತನ್ನ ಪಾಲಿನ ಎರಡು ರೊಟ್ಟಿಯ ಜೊತೆಗೆ ಗಂಡ ಬಿಟ್ಟ ಒಂದನ್ನೂ ಉಂಡು, ತಾಟು ತೊಳೆದು ಕುಡಿದಳು. ಮರುದಿನವೂ ಹಾಗೇ. ಗಂಡನ ಪಥ್ಯವೆಲ್ಲ ಹೆಂಡತಿಯ ಹೊಟ್ಟೆಗೆ ಹೋಗತೊಡಗಿತು. ನಾಲ್ಕನೇ ದಿನ ಅವಳಿಗೆ ಕುಪ್ಪಸ ಬಿಗಿಯಾಯಿತು. ಅವಳು ಯಾರಿಗೂ ಹೇಳಲಿಲ್ಲ.

ಮುಂದಿನ ಶನಿವಾರ ಗುರುಪಾದಪ್ಪ ಬರಿಗೈಯಲ್ಲಿ ಸ್ಟೇಷನ್ನಿಗೆ ಹೋಗಿ ಯಂತ್ರದ ಮೇಲೆ ನಿಂತ. ಎಪ್ಪತ್ತೆರಡು ಕಿಲೋ.

ಒಂದು ವಾರದಲ್ಲಿ ಹನ್ನೆರಡು ಕಿಲೋ!

ಪ್ಲಾಟ್‌ಫಾರ್ಮಿನ ಮೇಲೆ ಅವನು ಒಂದು ಸಲ ಜಿಗಿದು ನೋಡಿದ. ಹಗುರಾಗಿದ್ದಂತೆ ಅನಿಸಿತು. ಹಗುರಾಗದೆ ಏನು, ಹೋದ ವಾರ ಚೀಲ ಹೊತ್ತಿದ್ದ, ಈ ವಾರ ಹೊತ್ತಿರಲಿಲ್ಲ. ಆದರೆ ಸ್ವಂತ ತಲೆ ಓಡಿಸುವ ಅಭ್ಯಾಸ ಟೈಮ್ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಎರಡೂ ಚೀಟಿಗಳನ್ನು ಎತ್ತಿ ಹಿಡಿದ. ಕೋಪರಿಯಿಂದ ರಬಾಳೆವರೆಗೆ ಬಸ್ಸಿನಲ್ಲಿ ಬೇರೆ ಮಾತೇ ಇಲ್ಲ. ಅಚ್ಚಾದ ಚೀಟಿ, ತಾರೀಖು ಸಮೇತ! ಫಿಟ್ಟರ್ ಮಾನಪ್ಪ ತನ್ನ ಕಿಟಕಿ ಸೀಟು ಬಿಟ್ಟುಕೊಟ್ಟ.

"ಕೂಡ್ರಿ ಗುರುಪಾದಪ್ಪಾರ. ಹೆಂಗ ಮಾಡಿದ್ರಿ ಹೇಳ್ರಿ. ನಮ್ಮದೂ ಹೊಟ್ಟಿ ಐತಿ."

"ಅರ್ಧ ಬಿಡು, ಮಾನಪ್ಪ. ಏನ ಇರಲಿ, ಅರ್ಧ ಬಿಡು. ಮತ್ತ ಡಬ್ಬಿ ತಗದು ತೋರ್ಸು ನೋಡೂಣು."

ಮಾನಪ್ಪ ಡಬ್ಬಿ ತೆಗೆದ. ಬದನೆಕಾಯಿ ಪಲ್ಯ, ಎರಡು ಚಪಾತಿ, ಒಂದು ತುಂಡು ಬೆಲ್ಲ.

"ವಿಷ," ಎಂದ ಗುರುಪಾದಪ್ಪ.

"ಬೆಲ್ಲಾ?"

"ಬೆಲ್ಲ ನಿಧಾನ ವಿಷ. ಪಲ್ಯ ಲಗೂ ವಿಷ."

ಅಂದಿನಿಂದ ಬಸ್ಸಿನಲ್ಲಿ ಡಬ್ಬಿಗಳ ಪಂಚನಾಮೆ ಶುರುವಾಯಿತು. ಒಬ್ಬೊಬ್ಬರೇ ಎದ್ದು ಬಂದು ಮುಚ್ಚಳ ತೆಗೆಯುವುದು, ಗುರುಪಾದಪ್ಪ ಮೂಗು ಹಾಕುವುದು, ತೀರ್ಪು ಕೊಡುವುದು. ಯಾರ ಮನೆಯ ಅಡುಗೆಯೂ ಪಾಸಾಗಲಿಲ್ಲ. ಕ್ಯಾಂಟೀನಿನಲ್ಲಿ ಅರ್ಧರ್ಧ ಬಿಟ್ಟ ತಾಟುಗಳು ಗುಡ್ಡೆ ಬಿದ್ದವು. ಮಾನಪ್ಪ ಗುರುವಾರದ ಹೊತ್ತಿಗೆ ಡ್ರಿಲ್ ಮಷಿನ್ನಿನ ಪಕ್ಕದಲ್ಲಿ ಕಣ್ಣು ಕತ್ತಲಿಟ್ಟು ಕೂತುಬಿಟ್ಟ. ಸಂಜೆ ಯಂತ್ರದ ಮೇಲೆ ನಿಂತರೆ ಇಳಿದದ್ದು ಅರ್ಧ ಕಿಲೋ. ಬಿಟ್ಟದ್ದು ಸಾಲದು ಎಂದು ಗುರುಪಾದಪ್ಪ ಅವನಿಗೆ ಮುಕ್ಕಾಲು ಬಿಡಲು ಹೇಳಿದ.

ಬಸ್ಸಿಳಿದ ಮೇಲೂ ಬಾಯಿ ನಿಲ್ಲುತ್ತಿರಲಿಲ್ಲ. ಅವರ ಚಾಳಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆ ಉಡುಪಿಯ ಕಮಲಾಕ್ಷನದು. ಸ್ಟೇಷನ್ ರಸ್ತೆಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದ. ಗುರುಪಾದಪ್ಪ ಸಂಜೆ ಅಲ್ಲಿ ಚಹಾಕ್ಕೆ ಕೂತು ಅಕ್ಕಪಕ್ಕದ ಮೇಜುಗಳ ಕಡೆ ನೋಡುತ್ತಿದ್ದ.

"ಬನ್ಸ್ ತಿಂತೀರಿ? ತಿನ್ರಿ, ತಿನ್ರಿ. ಮಕ್ಕಳು ಸಣ್ಣವರದಾರೇನು?"

ಆ ಮನುಷ್ಯ ಬನ್ಸು ಬಿಟ್ಟು ಎದ್ದುಹೋದ. ಮರುದಿನ ಇನ್ನಿಬ್ಬರು. ಮೂರನೇ ದಿನ ಕಮಲಾಕ್ಷ ಗಲ್ಲಾ ಬಿಟ್ಟು ಬಂದು ಕೈಮುಗಿದ.

"ಎಂತ ಮಾರಾಯ್ರೆ ನೀವು! ನನ್ನ ಹೋಟೆಲಲ್ಲಿ ಕೂತು ನನ್ನ ತಿಂಡಿಗೆ ಶ್ರಾದ್ಧ ಮಾಡ್ತೀರಲ್ಲ. ನಿಮಗೆ ಬೇಡದಿದ್ರೆ ತಿನ್ಬೇಡಿ. ತಿನ್ನುವವರ ಬಾಯಿಗೆ ಯಾಕೆ ಮಣ್ಣು ಹಾಕ್ತೀರಿ?"

"ನಿಮ್ಮ ಹಿತಕ್ಕ ಹೇಳಾಕತ್ತೀನಿ, ಕಮಲಾಕ್ಷ."

"ನನ್ನ ಹಿತಕ್ಕೆ ನೀವು ಎದುರಿನ ಇರಾಣಿ ಹೋಟೆಲಿಗೆ ಹೋಗಿ ಕೂತ್ಕೊಳ್ಳಿ."

ಇತ್ತ ಮನೆಯಲ್ಲಿ ಮಹಾದೇವಕ್ಕನಿಗೆ ಬೇರೆಯೇ ಭಯ. ಕಮಲಾಕ್ಷನ ಹೆಂಡತಿ ವಸಂತಿ ಮನೆಗಳ ಮುಂದಿನ ಗ್ಯಾಲರಿಯಲ್ಲಿ ಸೀರೆ ಒಣಗಿಸುತ್ತ, ತಡೆಯಲಾರದೆ ಕೇಳಿದಳು.

"ಮಹಾದೇವಕ್ಕ, ಬೇಜಾರು ಮಾಡ್ಕೊಳ್ಬೇಡಿ. ವಾರಕ್ಕೆ ಹನ್ನೆರಡು ಕಿಲೋ ಅಂದ್ರೆ ಅದು ಪಥ್ಯ ಅಲ್ಲ. ನಮ್ಮ ಮಾವನಿಗೆ ಹೀಗೇ ಆಗಿತ್ತು. ಆರು ಕಿಲೋ ಇಳಿದದ್ದಷ್ಟೇ. ಏಳನೇದು ಇಳೀಲಿಕ್ಕೆ ಅವರೇ ಇರ್ಲಿಲ್ಲ."

ಮಹಾದೇವಕ್ಕ ಸೀರೆಯ ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಗುರುಪಾದಪ್ಪ ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತಿ ಬಂದ. ಗ್ಯಾಲರಿಯ ತುಂಬ ಜನ. ನೀರು ಬಿಡುವ ಹೊತ್ತು, ಎಲ್ಲರೂ ಬಕೆಟ್ಟು ಹಿಡಿದು ನಿಂತಿದ್ದರು.

"ರೀ, ನಾಳೆ ದೊಡ್ಡ ದವಾಖಾನಿಗೆ ಹೋಗೂಣು. ಏನೋ ರೋಗ ಹತ್ತೇದ ನಿಮಗ," ಎಂದಳು ಮಹಾದೇವಕ್ಕ. ಕಣ್ಣಲ್ಲಿ ನೀರು.

ಗುರುಪಾದಪ್ಪನಿಗೆ ಅಷ್ಟು ಜನರ ಎದುರು ರೋಗಿಯಾಗುವುದು ಬೇಡವಾಯಿತು.

"ರೋಗ ಇಲ್ಲ, ಗೀಗ ಇಲ್ಲ. ಇಪ್ಪತ್ತು ವರ್ಷ ನಿನ್ನ ಕೈಯಾನ ವಿಷ ಉಂಡಿದ್ದೆ. ಅರ್ಧ ಬಿಟ್ಟೆ, ಅರ್ಧ ಆರಾಮಾದೆ. ಅಷ್ಟ!"

ನಳದಲ್ಲಿ ನೀರು ಬಂತು. ವಿಷ ಎಂಬ ಮಾತು ಮರಾಠಿಯವರಿಗೂ ತಿಳಿದಿತ್ತು, ಯಾರೂ ಬಕೆಟ್ಟು ಇಡಲಿಲ್ಲ.

ಮಹಾದೇವಕ್ಕ ಒಳಗೆ ಹೋದಳು. ಆ ಸಂಜೆ ಅವರ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಹೊರಗಿನವರಿಗೆ ಇದರ ಅರ್ಥ ತಿಳಿಯದು. ಆ ಚಾಳಿನ ಮಂದಿ ಹದಿನೈದು ವರ್ಷದಿಂದ ಮಹಾದೇವಕ್ಕನ ರೊಟ್ಟಿಯ ಸಪ್ಪಳದಿಂದಲೇ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಪಟ್ ಪಟ್ ಪಟ್ ಎಂದರೆ ಏಳೂವರೆ. ಅವತ್ತು ಏಳೂವರೆ ಆಗಲೇ ಇಲ್ಲ.

"ಅಡಿಗಿ?" ಎಂದ ಗುರುಪಾದಪ್ಪ.

"ವಿಷ ಬೇಯಿಸೂದು ಬಿಟ್ಟೀನಿ," ಎಂದಳು. ಅಷ್ಟೇ.

ಮಗಳು ಪುಷ್ಪಾವತಿಯನ್ನು ವಸಂತಿ ಕರೆದು ಉಣ್ಣಲಿಕ್ಕೆ ಕೂರಿಸಿಕೊಂಡಳು. ಗುರುಪಾದಪ್ಪ ಅಂಗಡಿಯಿಂದ ಪಾವ್ ತಂದು ತಿಂದ. ಅದರಲ್ಲೂ ಶಾಸ್ತ್ರದ ಪ್ರಕಾರ ಅರ್ಧ ಬಿಟ್ಟ. ಬಿಟ್ಟ ಅರ್ಧವನ್ನು ಯಾರೂ ಎತ್ತಲಿಲ್ಲ. ಅದು ಅಲ್ಲೇ ಒಣಗಿತು. ಮಹಾದೇವಕ್ಕ ಏನೂ ತಿನ್ನದೆ, ಚಹಾ ಕುಡಿದು ಮಲಗಿದಳು. ಎರಡನೇ ದಿನವೂ ಚಹಾ. ಮೂರನೇ ದಿನ ಪುಷ್ಪಾವತಿ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಹೇಳಿದಳು: "ಬಾಬಾ, ಆಯಿ ಜೇವತ್ ನಾಹೀ. ತುಮ್ಹೀ ಕಾಹೀತರೀ ಕರಾ."

ಅಮ್ಮ ಊಟ ಮಾಡುತ್ತಿಲ್ಲ, ಏನಾದರೂ ಮಾಡಿ ಎಂದಳು ಮಗಳು. ಏನು ಮಾಡುವುದೆಂದು ಗುರುಪಾದಪ್ಪನ ಶಾಸ್ತ್ರದಲ್ಲಿ ಇರಲಿಲ್ಲ. ಅವನು ಬಸ್ಸಿಗೆ ಹೋಗಿ ಹನ್ನೊಂದು ಡಬ್ಬಿ ನೋಡಿದ.

ಒಲೆ ಆರಿದ ಮರುದಿನವೇ ಮಹಾದೇವಕ್ಕ ಕಮಲಾಕ್ಷನ ಕೈಲಿ ಊರಿಗೆ ತಂತಿ ಹೊಡೆಸಿದ್ದಳು: "ನಿಮ್ಮ ತಮ್ಮ ಒಂದು ವಾರದಲ್ಲಿ ಹನ್ನೆರಡು ಕಿಲೋ ಇಳಿದ. ಕೂಡಲೇ ಹೊರಡಿ." ರವಿವಾರ ಬೆಳಿಗ್ಗೆ ಬಸವಣ್ಣೆವ್ವ ಕಲ್ಯಾಣದಲ್ಲಿ ಇಳಿದಳು. ತಮ್ಮ ಸಾಯಲಿಕ್ಕೆ ಬಿದ್ದಿದ್ದರೂ ಬರಿಗೈಲಿ ಬರುವ ಹೆಂಗಸಲ್ಲ. ತಲೆ ಮೇಲೆ ಜೋಳದ ಚೀಲ. ಕರೆಯಲು ಹೋಗಿದ್ದ ಗುರುಪಾದಪ್ಪ ಅವಳನ್ನು ಲೋಕಲ್‌ನಲ್ಲಿ ಕೂರಿಸಿಕೊಂಡು ಠಾಣೆಗೆ ಬಂದ. ದಾರಿಯುದ್ದಕ್ಕೂ ಅಕ್ಕ ಅವನ ಕೆನ್ನೆ ಮುಟ್ಟಿ ಮುಟ್ಟಿ ಅತ್ತಳು.

"ಎಷ್ಟು ಸೊರಗೀಯೋ ತಮ್ಮಾ! ಯಾವ ಡಾಕ್ಟರ್ ಏನಂದ? ಎಷ್ಟು ದಿನಾ ಅಂದ?"

"ಅಕ್ಕಾ, ನಾ ಗಟ್ಟಿ ಅದೀನಿ. ಇದು ಆರೋಗ್ಯ. ಇಲ್ಲಿ ನೋಡು, ಅಚ್ಚ ಹೊಡದ ಚೀಟಿ. ಇದ ಯಂತ್ರ ಕೊಟ್ಟಿದ್ದು. ಯಂತ್ರ ಸುಳ್ಳ ಹೇಳೂದಿಲ್ಲ. ನೀನೂ ನಿಂದ್ರು, ನಿನಗೂ ತಿಳೀತದ."

ಬಸವಣ್ಣೆವ್ವ ಚೀಲ ತಲೆ ಮೇಲಿದ್ದಂತೆಯೇ ಯಂತ್ರ ಹತ್ತಿದಳು. ಚೀಟಿ ಬಿತ್ತು. ಅರವತ್ತು.

"ಏ ಅಕ್ಕಾ, ಚೀಲ ಇಳಿಸಿ ನಿಂದ್ರಬೇಕು. ಇಷ್ಟೂ ತಿಳಿಯೂದಿಲ್ಲೇನು ನಿನಗ? ಚೀಲದ ತೂಕನೂ ಅದರಾಗ..."

ಗುರುಪಾದಪ್ಪನ ಬಾಯಿ ತೆರೆದದ್ದು ಹಾಗೇ ನಿಂತಿತು. ಕರ್ಜತ್ ಗಾಡಿ ಬಂತು, ಹೋಯಿತು. ಬಾಯಿ ಮುಚ್ಚಲಿಲ್ಲ.

ಅಕ್ಕ ಚೀಲ ಇಳಿಸಿ, ಇನ್ನೊಂದು ನಾಣ್ಯ ಹಾಕಿಸಿಕೊಂಡು ನಿಂತಳು. ನಲವತ್ತೆಂಟು. ಚೀಲದ ಮೇಲೆ, ಊರಿನ ಅಂಗಡಿಯವನು ತೂಗಿ ಹೊಲಿದ ಕಡೆ, ನೀಲಿ ಮಸಿಯಲ್ಲಿ ದಪ್ಪಗೆ ಬರೆದಿತ್ತು: 12. ಎಲ್ಲ ಚೀಲದ ಮೇಲೂ ಅದೇ ಬರೆದಿರುತ್ತಿತ್ತು. ಮೂರು ತಿಂಗಳಿಗೊಮ್ಮೆ ಅವನೇ ಹೊತ್ತು ತರುತ್ತಿದ್ದ.

"ಯಾಕೋ, ಜೀವ ಹ್ವಾದವರಂಗ ನಿಂತಿ? ಚಕ್ಕರ್ ಬಂತೇನು?"

"ಏನಿಲ್ಲಕ್ಕಾ," ಎಂದು ಗುರುಪಾದಪ್ಪ ಚೀಲ ಎತ್ತಿ ಹೆಗಲಿಗಿಟ್ಟುಕೊಂಡ. ಎಂಬತ್ತನಾಲ್ಕು ಕಿಲೋ ಮನುಷ್ಯ ಸೇತುವೆ ಹತ್ತಿ ಕೋಪರಿಯ ಕಡೆ ನಡೆದ.

ಮನೆಯಲ್ಲಿ ಮಹಾದೇವಕ್ಕ ಟ್ರಂಕಿಗೆ ಸೀರೆ ತುಂಬುತ್ತಿದ್ದಳು. ಬಸವಣ್ಣೆವ್ವ ಆರಿದ ಸ್ಟವ್ ನೋಡಿದಳು, ಮೂಲೆಯಲ್ಲಿ ಒಣಗಿದ ಪಾವ್ ನೋಡಿದಳು, ಗಂಡನ ಅಕ್ಕನಂತೆ ಅಲ್ಲದೆ ಹೆತ್ತ ತಾಯಿಯಂತೆ ಅವಳ ಪಕ್ಕದಲ್ಲಿ ಕೂತು ಎಲ್ಲ ಕೇಳಿದಳು. ಆಮೇಲೆ ತೀರ್ಪು ಹೇಳಿದಳು.

"ನಡಿ ಮಹಾದೇವಿ. ನಾಳೆ ಗಾಡಿಗೆ ಹೋಗೂಣು. ನಿನ್ನ ರೊಟ್ಟಿ ವಿಷ ಆದ್ರ ನನ್ನ ಜ್ವಾಳನೂ ವಿಷ. ವಿಷ ತಿಂದು ಬೆಳದೋರು ನಾವಿಬ್ಬರೂ ಊರಾಗ ಇರೂಣು. ಇಂವ ಇಲ್ಲಿ ಪಾವ್ ತಿಂದು ಪುಣ್ಯಾತ್ಮ ಆಗಲಿ."

ಅದೇ ಹೊತ್ತಿಗೆ ಬಾಗಿಲಲ್ಲಿ ಮಾನಪ್ಪ. ಕಣ್ಣು ಗುಳಿಬಿದ್ದಿದ್ದವು. ಗೋಡೆ ಹಿಡಿದು ನಿಂತಿದ್ದ.

"ಗುರುಪಾದಪ್ಪಾರ, ಮುಕ್ಕಾಲು ಬಿಟ್ಟೆ. ನಿಮ್ಮಂಗ ಯಾಕ ಇಳಿವಲ್ದು? ಹೇಳ್ರಿ. ನಾಳಿಂದ ಪೂರಾ ಬಿಡ್ಲೇನು?"

ಒಂದು ಕಡೆ ಟ್ರಂಕು, ಒಂದು ಕಡೆ ಶಿಷ್ಯ. ಗುರುಪಾದಪ್ಪ ಸುಮ್ಮನಿದ್ದರೆ ಕಿಟಕಿ ಸೀಟು ಉಳಿಯುತ್ತಿತ್ತು, ಹೆಂಡತಿ ಹೋಗುತ್ತಿದ್ದಳು. ಅವನು ಟ್ರಂಕಿನ ಮುಚ್ಚಳ ನೋಡಿದ. ಎದ್ದು ಹೋಗಿ ಜೋಳದ ಚೀಲವನ್ನು ಹೆಗಲಿಗೇರಿಸಿದ.

"ಮೊದಲ ಸಲ," ಎಂದ, "ಹಿಂಗ ನಿಂತಿದ್ದೆ. ಎರಡನೇ ಸಲ," ಎಂದು ಚೀಲ ದೊಪ್ಪನೆ ಕೆಳಗಿಳಿಸಿ, "ಹಿಂಗ."

ಮೊದಲು ಅರ್ಥವಾದದ್ದು ಕಮಲಾಕ್ಷನಿಗೆ. ಗದ್ದಲ ಕೇಳಿ ಗೋಡೆಯಾಚೆಯಿಂದ ಬಂದಿದ್ದ. ಅವನು ಹೊಸ್ತಿಲ ಮೇಲೆಯೇ ಕುಸಿದು ಕೂತ.

"ಅಯ್ಯೋ ದೇವರೇ! ಮಾರದೆ ಉಳಿದ ಮೂರು ದಿನದ ಬನ್ಸ್ ನಾನೇ ತಿಂದೆನಲ್ಲ ಮಾರಾಯ್ರೆ! ಜೋಳದ ಚೀಲಕ್ಕೋಸ್ಕರ?"

ಮಾನಪ್ಪ ಏನೂ ಕೂಗಾಡಲಿಲ್ಲ. ಕೂಗಲು ತ್ರಾಣವಿರಲಿಲ್ಲ. "ನಾಳಿಂದ ಬಸ್ಸಿನ್ಯಾಗ ನಿಂತ ಬರ್ರಿ," ಎಂದಷ್ಟೇ ಹೇಳಿದ. ವಸಂತಿ ಅವನನ್ನು ಕೈಹಿಡಿದು ತನ್ನ ಮನೆಗೆ ಕರೆದೊಯ್ದು ಅನ್ನ ಬಡಿಸಿದಳು. ಅವನು ಉಂಡದ್ದು ಎಷ್ಟೆಂದು ಅವಳು ಇವತ್ತಿಗೂ ಯಾರಿಗೂ ಹೇಳಿಲ್ಲ.

"ಡಾಕ್ಟರ್ ಖರೇನ ಏನಂದಿದ್ದ?" ಎಂದು ಬಸವಣ್ಣೆವ್ವ ಕೇಳಿದಳು.

"ತೂಕ ಸ್ವಲ್ಪ ನೋಡ್ಕೋ ಅಂದಿದ್ದ. ಎಣ್ಣಿ ಸ್ವಲ್ಪ ಕಡಿಮಿ ಮಾಡು ಅಂದಿದ್ದ."

"ಎರಡೂ ಸಲ ಸ್ವಲ್ಪ ಅಂದಾನ. ನಿನಗ ಅದೊಂದು ಬಿಟ್ಟು ಉಳದದ್ದೆಲ್ಲಾ ಕೇಳಿಸ್ತು."

ಮಹಾದೇವಕ್ಕ ನಗಲಿಲ್ಲ. ಟ್ರಂಕಿನ ಪಕ್ಕದಿಂದ ಏಳಲೂ ಇಲ್ಲ.

"ಹಂಗಾರ ನನ್ನ ಅಡಿಗಿ ವಿಷ ಅಲ್ಲ?"

"ಅಲ್ಲ."

"ಗ್ಯಾಲರಿಯೊಳಗ ಅಂದಿದ್ರಿ. ಗ್ಯಾಲರಿಯೊಳಗ ಹೇಳ್ರಿ."

ಗುರುಪಾದಪ್ಪ ಹೊರಗೆ ಹೋಗಿ ಕಂಬಿ ಹಿಡಿದು ನಿಂತ. ರವಿವಾರ, ಎಲ್ಲರೂ ಮನೆಯಲ್ಲಿದ್ದರು. "ಮಹಾದೇವಕ್ಕನ ರೊಟ್ಟಿ ವಿಷ ಅಲ್ಲ!" ಎಂದು ಕನ್ನಡದಲ್ಲಿ ಕೂಗಿದ. ಚಾಳಿನಲ್ಲಿ ಕನ್ನಡದವರು ಎರಡೇ ಮನೆ. ಒಳಗಿನಿಂದ ಅಕ್ಕ, "ಎಲ್ಲಾರಿಗೂ ತಿಳಿಯೂವಂಗ!" ಎಂದಳು. ಮರಾಠಿಯಲ್ಲಿ ಕೂಗಿದ. ಆಮೇಲೆ ಕೆಳಗಿನ ಭಯ್ಯಾನಿಗಾಗಿ ಹಿಂದಿಯಲ್ಲೂ ಕೂಗಿದ. "ಅದು ನಮಗೆ ಮೊದಲಿಂದ ಗೊತ್ತು, ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಎದುರು ಗ್ಯಾಲರಿಯಿಂದ ಒಬ್ಬ ಮುದುಕಿ ಮರಾಠಿಯಲ್ಲಿ ಕೇಳಿದಳು.

ಅವನು ಒಳಗೆ ಬಂದಾಗ ಸ್ಟವ್ ಭುಸುಗುಟ್ಟುತ್ತಿತ್ತು. ಪಟ್ ಪಟ್ ಪಟ್. ಮಧ್ಯಾಹ್ನ ಒಂದು ಗಂಟೆ. ವಸಂತಿಯ ಮನೆಯಲ್ಲಿ ಯಾರೋ ಗಡಿಯಾರ ನೋಡಿ ನಕ್ಕರು.

ಗುರುಪಾದಪ್ಪ ತಾಟಿನ ಮುಂದೆ ಕೂತ. ತಾಟು ಖಾಲಿ. ಮಹಾದೇವಕ್ಕ ರೊಟ್ಟಿ ಹಿಡಿದು ನಿಂತಿದ್ದಳು, ನೀಡಲಿಲ್ಲ.

"ಎಷ್ಟು ನೀಡಲಿ?"

ಇಪ್ಪತ್ತು ವರ್ಷದಲ್ಲಿ ಅವಳು ಕೇಳಿದ್ದು ಅದೇ ಮೊದಲು. ಇಡೀ ಬಸ್ಸಿಗೆ ಲೆಕ್ಕ ಹೇಳುತ್ತಿದ್ದ ಗುರುಪಾದಪ್ಪ ತನ್ನ ಹೊಟ್ಟೆಯ ಲೆಕ್ಕ ಗೊತ್ತಿಲ್ಲದೆ ತಡವರಿಸಿದ.

"ನೀನ ಹೇಳು."

"ನಾ ಯಾಕ ಹೇಳಲಿ? ಹೊಟ್ಟಿ ನಿಮ್ಮದು."

"ಒಂದು... ಒಂದೂವರಿ."

ಒಂದು ಇಡೀ ರೊಟ್ಟಿ ಹಾಕಿದಳು. ಇನ್ನೊಂದನ್ನು ಮುರಿದಳು. ಅವನ ತಾಟಿಗೆ ಬಿದ್ದ ತುಂಡು ಅರ್ಧಕ್ಕಿಂತ ಚೂರು ದೊಡ್ಡದಿತ್ತು. ಅವನು ನೋಡಿದ, ಏನೂ ಹೇಳಲಿಲ್ಲ. ಎಣಗಾಯಿಯಲ್ಲಿ ಎಣ್ಣೆ ಎಂದಿಗಿಂತ ಚೂರು ಕಡಿಮೆಯಿತ್ತು. ಅವಳೂ ಏನೂ ಹೇಳಲಿಲ್ಲ.

ಉಳಿದ ಅರ್ಧವನ್ನು ತನ್ನ ತಾಟಿಗೆ ಹಾಕಿಕೊಂಡು, ಮೇಲೆ ಇನ್ನೆರಡು ರೊಟ್ಟಿ ಇಟ್ಟುಕೊಂಡು, ಮಹಾದೇವಕ್ಕ ಅವನ ಎದುರಿಗೇ ಕೂತಳು. ನಾಲ್ಕು ದಿನದ ಉಪವಾಸ. ಡಬ್ಬಿಯಿಂದ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ತೆಗೆದು ಬಿಸಿ ರೊಟ್ಟಿಯ ನಡುವೆ ಇಟ್ಟಳು. ಬೆಣ್ಣೆ ಕರಗಿ ನಾಲ್ಕೂ ದಿಕ್ಕಿಗೆ ಹರಿಯಿತು.

ಗುರುಪಾದಪ್ಪ ಆ ಬೆಣ್ಣೆ ನೋಡಿದ. ಅವನ ಕತ್ತು ಮುಂದೆ ಬಂತು. ಹುಬ್ಬು ಮೇಲೇರಿತು. ಬಾಯಿ ತೆರೆಯಿತು.

ಬಸವಣ್ಣೆವ್ವ ಚಹಾದ ಕಪ್ಪು ಕೆಳಗಿಟ್ಟಳು. ಪುಷ್ಪಾವತಿ ಉಸಿರು ಹಿಡಿದಳು. ಮಹಾದೇವಕ್ಕ ತುತ್ತು ಕೈಯಲ್ಲಿ ಹಿಡಿದುಕೊಂಡೇ ಅವನನ್ನು ನೋಡಿದಳು. ಟ್ರಂಕು ಇನ್ನೂ ಬಾಗಿಲ ಹತ್ತಿರವೇ ಇತ್ತು.

ಗುರುಪಾದಪ್ಪ ದೊಡ್ಡದೊಂದು ರೊಟ್ಟಿಯ ತುಂಡು ಮುರಿದು, ತೆರೆದ ಬಾಯಿಗೆ ತಾನೇ ತುರುಕಿಕೊಂಡ.